ಮೀನೆಣ್ಣೆಯ ಗುಳಿಗೆ

ಸೊರಗಿದೆ, ನೋಡಿದೊಡನೆ ಗೊತ್ತಾಗುತ್ತದೆ, ಮಿದುಳಿನ ನಡುವಿನ ಈ ಬೂದು ಭಾಗ ತುಂಬಿಕೊಂಡಿರಬೇಕಿತ್ತು, ಪಕ್ಕದ ಕಪ್ಪು ಪೊಳ್ಳು ಅಗಲವಾಗಿಬಿಟ್ಟಿದೆ, ಅಂಚಿನಲ್ಲಿ ಬಿಳಿ ಚುಕ್ಕೆ — ಇನ್ನೂ ಬೆರಳು ಕುಣಿಯತೊಡಗಿರಲಿಕ್ಕಿಲ್ಲ ಪುಣ್ಯಾತ್ಮರಿಗೆ, ಆದರೆ ಬರುತ್ತದೆ, ಎಂದುಕೊಂಡು ಡಾಕ್ಟರಮ್ಮ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು, ಚಿತ್ರದ ಮೇಲೆ ಹೆಸರಿಲ್ಲ, ಹೆಸರು ಗೊತ್ತಿದ್ದರೆ ಕಣ್ಣು ಪಕ್ಷಪಾತ ಮಾಡುತ್ತದೆಂದು ಆ ನಿಯಮ ಮಾಡಿದವಳು ಅವಳೇ, ಯಾರಿರಬಹುದು ಎಂಬ ಕುತೂಹಲಕ್ಕೆ ಮಾತ್ರ ನಿಯಮವಿಲ್ಲ, ಅಮ್ಮನಿಗೂ ಹೀಗೇ ಶುರುವಾಗಿದ್ದಿರಬೇಕು, ಹೊದಿಕೆಯ ಅಂಚಿನ ಮೇಲೆ ಬೆರಳುಗಳು ತಮ್ಮ ಪಾಡಿಗೆ ತಾವು ಕುಣಿಯುತ್ತವೆ, ನೋಡಬೇಡ ಹೋಗು ಎನ್ನುತ್ತಾರೆ ಅಪ್ಪ, ಅವಳು ಬಾಗಿಲ ಸಂದಿಯಿಂದ ನೋಡಿಯೇ ನೋಡುತ್ತಾಳೆ, ಆಡಿಸುತ್ತಿರುವುದು ಅಮ್ಮ ಅಲ್ಲದಿದ್ದರೆ ಮತ್ತೆ ಯಾರು — ಆ ಪ್ರಶ್ನೆಯ ಬೆನ್ನು ಹತ್ತಿಯೇ ವೈದ್ಯಕೀಯ ಓದು, ವಂಶವಾಹಿಗಳ ಪ್ರಯೋಗಾಲಯ, ಈಗ ಈ ತಣ್ಣನೆಯ ಕೋಣೆ, ಗೋಡೆಯಾಚೆ ಧಡಧಡ ಎನ್ನುವ ಸ್ಕ್ಯಾನಿಂಗ್ ಯಂತ್ರ, ಈ ಕಾಯಿಲೆ ಮಕ್ಕಳಿಗೆ ಬರುವುದೋ ಬಿಡುವುದೋ ಅರ್ಧಕ್ಕರ್ಧ ಎಂದು ಎಷ್ಟು ಮನೆಯವರಿಗೆ ಹೇಳಿದ್ದಾಳೆ, ತನ್ನ ರಕ್ತವನ್ನು ಮಾತ್ರ ಪರೀಕ್ಷೆಗೆ ಕೊಡಲಿಲ್ಲ, ಪುರಸೊತ್ತಿಲ್ಲ ಎನ್ನುತ್ತಾಳೆ, ಪುರಸೊತ್ತಲ್ಲ, ಹೆದರಿಕೆ, ಊರವರ ತಲೆಯೆಲ್ಲ ಇಣುಕಿ ನೋಡ್ತೀಯ, ನಿನ್ನದೊಂದು ಬಿಟ್ಟು, ಎಂದಳು ಮಗಳು ಬೆಳಿಗ್ಗೆ, ನಂಗೆ ಮಗು ಬೇಕಮ್ಮ, ಅದಕ್ಕೆ ಮೊದ್ಲು ಗೊತ್ತಾಗ್ಬೇಕು, ನಿಂಗಿಲ್ಲ ಅಂದ್ರೆ ನಂಗೂ ಇಲ್ಲ ಅಲ್ವಾ, ನೋಡೋಣ ಎಂದಳು ಇವಳು, ಎಂದಿನ ಹಾಗೆ.

ಇರಲಿ, ಇದು ಎಡದಿಂದ ಸೊರಗಿದ್ದೋ ಬಲದಿಂದಲೋ, ಕಂಪ್ಯೂಟರು ಒಮ್ಮೊಮ್ಮೆ ಚಿತ್ರವನ್ನೇ ಮಗುಚಿ ಹಾಕುತ್ತದೆ, ಅದಕ್ಕೇ ಮಲಗಿದವರ ಬಲಗಿವಿಯ ಮೇಲೆ ಮೀನೆಣ್ಣೆಯ ಗುಳಿಗೆ ಅಂಟಿಸುವುದು, ಚಿತ್ರದಲ್ಲಿ ಅದು ಬಿಳಿ ಚುಕ್ಕೆಯಾಗಿ ಹೊಳೆಯುತ್ತದೆ, ಚುಕ್ಕೆ ಇದ್ದ ಕಡೆ ಬಲ — ಇದೇನಿದು, ಚುಕ್ಕೆ ಎಡಕ್ಕಿದೆ, ಮಗುಚಿದೆಯೇನಯ್ಯಾ ಎಂದರೆ ಯಂತ್ರ ನಡೆಸುವವನು ಬಂದು ಬಗ್ಗಿ ಯಂತ್ರದ ಮೂಲ ದಾಖಲೆಯೊಂದಿಗೆ ತಾಳೆ ನೋಡುತ್ತಾನೆ, ಮಗುಚಿಲ್ಲ ಮೇಡಂ, ಯಾರೋ ಗುಳಿಗೇನೇ ಎಡಕ್ಕೆ ಅಂಟಿಸಿದ್ದಾರೆ, ನಾನಂತೂ ಅಲ್ಲ, ಹೌದು, ಅವನು ಅಂಥ ತಪ್ಪು ಮಾಡುವವನಲ್ಲ, ಹಾಗಾದರೆ ಎಡಬಲ ತಿಳಿಯದ ಆ ಮಹಾಬುದ್ಧಿವಂತ ಯಾರಪ್ಪಾ, ನಗು ಬಂತು ಅವಳಿಗೆ, ಇಂಥದ್ದನ್ನು ಪತ್ತೆ ಹಚ್ಚುವುದೆಂದರೆ ಮೊದಲಿನಿಂದಲೂ ಹಬ್ಬ — ಯಂತ್ರ ಹೊಸದಾಗಿ ಬಂದ ದಿನ, ಪರೀಕ್ಷಿಸಲು ಒಂದು ತಲೆ ಬೇಕಿತ್ತು ಮೇಡಂ ಎಂದವನು, ನಂದಿದೆಯಲ್ಲ ಖಾಲಿ ಎಂದವಳು, ಅವನು ಆಚೆ ಕೋಣೆಯಲ್ಲಿ ಗುಂಡಿ ಒತ್ತುತ್ತಿದ್ದಾನೆ, ಇವಳು ಕನ್ನಡಿಯ ಮುಂದೆ ಗುಳಿಗೆ ಹಿಡಿದು ನಿಂತಿದ್ದಾಳೆ, ಕನ್ನಡಿಯಲ್ಲಿ ಬಲ ಎಡವಾಗುತ್ತದಲ್ಲ ಎಂದು ಅತಿಬುದ್ಧಿ ಮಾಡಿ ಅಂಟಿಸಿಕೊಳ್ಳುತ್ತಾಳೆ, ಚಿತ್ರ ತೆಗೆದಾದ ಮೇಲೆ ಎದ್ದು ಮುಟ್ಟಿಕೊಂಡರೆ ಎಡಗಿವಿ, ಇಬ್ಬರೂ ನಕ್ಕಿದ್ದೇ ನಕ್ಕಿದ್ದು, ಪ್ರಯೋಗಕ್ಕೆ ತಾನೇ ಬಿಡಿ, ಆ ಚಿತ್ರವನ್ನು ಅಳಿಸಲು ಯಾರಿಗೂ ನೆನಪಾಗಲಿಲ್ಲ, ಹೆಸರಿಲ್ಲದ ರಾಶಿಯಲ್ಲಿ ಸೇರಿಕೊಂಡಿತು — ಬೆರಳು ಎಡಗಿವಿಯ ಮೇಲಕ್ಕೆ ಹೋಗಿದೆ, ಅವಳೇ ಕಳಿಸಿದಳೋ, ತಾನಾಗಿ ಹೋಯಿತೋ, ಸಂಜೆ ಮಗಳಿಗೆ ಏನೆಂದು — ಎಡಗಡೆ, ಬಿಳಿ ಚುಕ್ಕೆ, ಬಿಳಿ ಚುಕ್ಕೆ