ಕಣ್ಣಾರೆ ಕಂಡ ವಾಲ್ವು

ನೀರುಗಂಟಿ ಪಾತಾಳಣ್ಣ ರಸ್ತೆಗೆ ಕಿವಿಯಾನಿಸಿದರೆ ಸಾಕು, ಮೂರು ಬೀದಿ ಆಚೆ ಯಾರು ಹಲ್ಲುಜ್ಜುತ್ತಿದ್ದಾರೆ, ಯಾರು ಬರೀ ಬಾಯಿ ಮುಕ್ಕಳಿಸಿ ಮೋಸ ಮಾಡುತ್ತಿದ್ದಾರೆ ಎಂದು ಹೇಳಿಬಿಡುತ್ತಿದ್ದ. ಒಮ್ಮೆ ಅವನು ಸೀನಿದ ರಭಸಕ್ಕೆ ಹನ್ನೆರಡು ವಾಲ್ವುಗಳು ತಾವಾಗಿಯೇ ಮುಚ್ಚಿಕೊಂಡವಂತೆ. ಇದಕ್ಕೆಲ್ಲ ಸಾಕ್ಷಿ ಒಬ್ಬನೇ, ಅವನೇ.

ಇಂಥವನ ಗಂಟಲು ಆ ಮಧ್ಯಾಹ್ನ ಒಣಗಿಹೋಗಿತ್ತು, ಕಾಲಡಿ ಊರಿನ ನೀರೆಲ್ಲ ಹರಿಯುತ್ತಿದ್ದರೂ. ದೊಡ್ಡಾಸ್ಪತ್ರೆಯ ಮುಂದೆ ಪೈಪು ಒಡೆದು ಆನೆಯ ಸೊಂಡಿಲಿನಷ್ಟು, ಅಲ್ಲ, ಹತ್ತು ಆನೆಗಳ ಸೊಂಡಿಲಿನಷ್ಟು ದಪ್ಪಗೆ ನೀರು ಚಿಮ್ಮುತ್ತಿತ್ತು. ಆಸ್ಪತ್ರೆಯ ಬಾಗಿಲಿಗೆ ಐದು ಮೆಟ್ಟಿಲು. ಮೂರು ಆಗಲೇ ಮುಳುಗಿದ್ದವು. ಐದನೆಯದೂ ಮುಳುಗಿದರೆ ನೀರು ನೇರ ನೆಲಮಾಳಿಗೆಯ ಕರೆಂಟಿನ ಕೋಣೆಗೆ. ಮೇಲೆ ಉಸಿರಾಟದ ಯಂತ್ರಗಳನ್ನೇ ನೆಚ್ಚಿಕೊಂಡ ಎಂಟು ಜನ.

ನೀರಿನ ಕಚೇರಿಯ ಎಂಜಿನಿಯರ್ ಅವನ ತಂಗಿಯ ಮಗಳು. ಅವಳ ಕೈಯ ಟ್ಯಾಬಿನಲ್ಲಿ ಊರಿನ ಪೈಪು, ವಾಲ್ವುಗಳ ನಕ್ಷೆ. ಒಡೆದ ಜಾಗ ತೋರಿಸಿದರೆ ಯಾವ ವಾಲ್ವು ಮುಚ್ಚಬೇಕೆಂದು ಅದೇ ಹೇಳುತ್ತಿತ್ತು. ಮುಚ್ಚಳ ತೆಗೆದು ಕಣ್ಣಾರೆ ಕಂಡ ವಾಲ್ವಿಗೆ ಹಸಿರು ಚುಕ್ಕೆ, ಬಾಯಿಮಾತಿನದಕ್ಕೆ ಹಳದಿ. ನಕ್ಷೆ ನಂಬುತ್ತಿದ್ದದ್ದು ಹಸಿರನ್ನು ಮಾತ್ರ.

ಹೋದ ವರ್ಷ ನಕ್ಷೆ ಮಾಡಲು ಊರು ಸುತ್ತುವಾಗ ಪಾತಾಳಣ್ಣ ಮೂಗು ಮುರಿದಿದ್ದ. "ನನ್ನ ಮಾತಿಗೆ ಹಳದಿ ಹಚ್ತೀಯೇನೇ? ನಾನು ಕೈ ತೋರಿಸಿದ ಕಡೆ ವಾಲ್ವು ಇಲ್ದಿದ್ರೂ ಮೊಳೀಬೇಕು ಕಣೇ!" ಅವಳು ನಕ್ಕು ಹಸಿರು ಹಚ್ಚಿದ್ದಳು.

ಈಗ ಆ ಹಸಿರು ಚುಕ್ಕೆಯ ಜಾಗದಲ್ಲಿ ಜೆಸಿಬಿ ಆಳುದ್ದ ಬಗೆದಾಗಿತ್ತು. ಬರೀ ಮಣ್ಣು.

"ಇನ್ನೂ ತೋಡಿದ್ರೆ ಪಾತಾಳಣ್ಣನ ತವರುಮನೆಗೇ ಹೋಗ್ತೀವಿ ಮೇಡಂ!" ಜೆಸಿಬಿಯವನು ಕೂಗಿದ.

"ಮಾವ, ಇಲ್ಲೇ ತಾನೇ?"

"ಇಲ್ಲೇ ಅಂದ್ರೆ... ಭೂಮಿ ಸ್ವಲ್ಪ ಸರಿದಿರಬೇಕು."

ಅವಳು ನಗಲಿಲ್ಲ. ಆಸ್ಪತ್ರೆಯ ಬಾಗಿಲಿಂದ ನರ್ಸ್ ಕಿರುಚಿದಳು: "ನಾಲ್ಕನೇ ಮೆಟ್ಟಿಲು!"

ಎಂಜಿನಿಯರ್ ನಕ್ಷೆ ನೋಡಿದಳು. "ಮುಂದಿನ ಹಸಿರು ಸ್ಕೂಲಿನ ಹತ್ರ. ಗಾಡಿ ತಿರುಗಿಸಿ!"

ಪಾತಾಳಣ್ಣ ಜೆಸಿಬಿಗೆ ಅಡ್ಡ ನಿಂತ. ಸ್ಕೂಲಿನ ವಾಲ್ವನ್ನು ಅವನು ಅಂದು ಟೀ ಅಂಗಡಿಯ ಬೆಂಚಿನಿಂದ ಏಳದೆ, ಕೈಯಲ್ಲಿದ್ದ ಲೋಟದಿಂದಲೇ ತೋರಿಸಿದ್ದ.

"ಬೇಡ," ಎಂದ.

"ಯಾಕೆ?"

"ಅದನ್ನ ನಾನು ನೋಡಿಲ್ಲಮ್ಮ. ಇದನ್ನೂ ನೋಡಿಲ್ಲ. ನಾನು ಕೆಲಸಕ್ಕೆ ಸೇರೋ ಮೊದಲೇ ಡಾಂಬರು ನುಂಗಿಬಿಟ್ಟಿತ್ತು."

ಅವಳು ಟ್ಯಾಬಿನಿಂದ ತಲೆಯೆತ್ತಿದಳು. "ಹಾಗಾದ್ರೆ ನೋಡಿರೋದು ಯಾವುದನ್ನ?"

"ಟ್ಯಾಂಕಿನ ಕೆಳಗಿನದು. ದಿನಾ ನಾನೇ ತಿರುಗಿಸ್ತೀನಿ."

"ಅದನ್ನ ಮುಚ್ಚಿದ್ರೆ ಅರ್ಧ ಊರಿಗೆ ನೀರಿಲ್ಲ, ಮಾವ."

"ನನ್ನ ಮನೆಗೂ ಇಲ್ಲ. ಮುಚ್ಚಿಸು."

ಟ್ಯಾಂಕಿನ ಕಾವಲುಗಾರನಿಗೆ ಫೋನು ಹೋಯಿತು. ಹತ್ತು ಆನೆಗಳು ಐದಾದವು, ಒಂದಾಯಿತು, ಕೊನೆಗೆ ಮರಿಯಾನೆಯೂ ಉಳಿಯಲಿಲ್ಲ. ಐದನೇ ಮೆಟ್ಟಿಲಿನ ಅಂಚನ್ನು ನೆಕ್ಕಿದ ನೀರು ಅಲ್ಲೇ ನಿಂತು, ಮೆಲ್ಲಗೆ ಹಿಂದೆ ಸರಿಯಿತು.

ಅವಳು ಟ್ಯಾಬನ್ನು ಒರೆಸಿ ಅವನ ಮುಂದೆ ಹಿಡಿದಳು. "ಬಾಯಲ್ಲೇ ಹಸಿರು ಮಾಡಿಸಿದ್ದು ಎಷ್ಟು?"

"ಇವೇ, ಎರಡು."

"ಮಾವ."

"ನಲವತ್ತು ಇರಬಹುದು."

ಅವಳು ಕಣ್ಣು ಕದಲಿಸಲಿಲ್ಲ.

"ಅರವತ್ತಮೂರು," ಎಂದ ಪಾತಾಳಣ್ಣ. "ಎಲ್ಲಕ್ಕೂ ಹಳದಿ ಹಚ್ಚಮ್ಮ. ಆ ಸೀನಿದ ಕಥೇನೂ ಸುಳ್ಳೇ."