ಹುಲ್ಲಿನ ಮೇಲೆ ಕೈ

"ಏನೇ, ನಿನ್ನ ಕೈಯೇನು ಮಹಾರಾಣೀದಾ? ರಬ್ಬರ್ ಗ್ಲೌಸು ಬೇಕಂತೆ! ಬಗ್ಗೇ ಮುಂಡೇದೆ!"

ಮೇಸ್ತ್ರಿ ಗಂಟಲು ಹರಿದುಕೊಂಡದ್ದು ಗಾಲ್ಫ್ ಮೈದಾನದ ಆ ತುದಿಗೂ ಕೇಳಿಸಿತು. ಅತ್ತಿಗೆ ಬಗ್ಗಿದಳು. ಪಕ್ಕದಲ್ಲಿ ಮಂಡಿಯೂರಿದ್ದ ನಾದಿನಿ ತಲೆ ಎತ್ತಲಿಲ್ಲ.

ಚೆಂಡು ಉರುಳುವ ನುಣುಪು ಹುಲ್ಲಿನೊಳಗೆ ಜೇಕಿನ ಕಳೆ ನುಗ್ಗಿತ್ತು. ಹಾಳಾದ್ದು, ಒಂದು ಕಿತ್ತರೆ ನಾಲ್ಕು ಹುಟ್ಟುತ್ತದೆ. ಪಂಪಿನಲ್ಲಿ ಕಳೆ ಕೊಲ್ಲುವ ಔಷಧಿ ಹೊಡೆದರೆ ಸಾಹೇಬರ ಹುಲ್ಲೂ ಸಾಯುತ್ತದೆ. ಅದಕ್ಕೇ ಬಟ್ಟೆಯ ಗ್ಲೌಸನ್ನು ಔಷಧಿಯಲ್ಲಿ ಅದ್ದಿ, ಜೇಕಿನ ಒಂದೊಂದೇ ಗರಿಯನ್ನು ಬೆರಳಲ್ಲಿ ಹಿಡಿದು ಸವರಬೇಕು. ಒಳಗೆ ರಬ್ಬರಿನದೊಂದು ಹಾಕಬೇಕಂತೆ. ಇದ್ದ ಒಂದೇ ಜೊತೆ ಮೇಸ್ತ್ರಿಯ ಬೈಕು ತೊಳೆಯಲು ಹೋಗಿತ್ತು. ಅತ್ತಿಗೆಯ ಎರಡು ಉಗುರು ಆಗಲೇ ಕಳಚಿದ್ದವು. ತುತ್ತು ಎತ್ತುವುದಕ್ಕೂ ಎಡಗೈಯೇ.

"ಅತ್ಗೆ, ನಾಳೆಯಿಂದ ಗ್ಲೌಸು ನಾನು ಹಾಕ್ಕೋತೀನಿ ಬಿಡು."

"ಕೂಸನ್ನ ಯಾವ ಕೈಲಿ ಎತ್ಕೋತೀಯೆ? ಬಾಯಿ ಮುಚ್ಕೊಂಡು ಬುಟ್ಟಿ ಹೊರು. ನಂದು ಹೆಂಗೂ ಕೆಟ್ಟಾಯ್ತು."

ಮೇಸ್ತ್ರಿ ಬೆನ್ನು ತಿರುಗಿಸಿದ. ಸಿಟ್ಟಿಗೆ ಅತ್ತಿಗೆಯ ಮೈಯೆಲ್ಲ ಉರಿಯುತ್ತಿತ್ತು. ಔಷಧಿ ತೊಟ್ಟಿಕ್ಕುವ ಅಂಗೈಯನ್ನು ಚೆಂಡು ಬೀಳುವ ಕುಳಿಯ ಪಕ್ಕದಲ್ಲೇ ಊರಿ, ಹತ್ತು ಎಣಿಸಿ ಎತ್ತಿದಳು. ಹುಲ್ಲು ಹಸಿರಾಗಿಯೇ ಇತ್ತು.

ಹತ್ತನೇ ದಿನಕ್ಕೆ ಹುಲ್ಲಿನ ಮೇಲೆ ಐದು ಬೆರಳೂ ಹಳದಿಯಾಗಿ ಎದ್ದು ಕಂಡವು.

ಕ್ಲಬ್ಬಿನ ಸಾಹೇಬ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿದ. "ಯಾವಳ ಕೈ ಇದು?"

"ನಂದೇ ಸ್ವಾಮಿ. ಹತ್ತೇ ದಿನಕ್ಕೆ ನಿಮ್ಮ ಹುಲ್ಲು ಹಿಂಗಾಯ್ತು. ನನ್ನ ಚರ್ಮ ಎರಡು ವರ್ಷದಿಂದ ತಡ್ಕೊಂಡಿದೆ, ನೋಡಿ."

ಸಾಹೇಬ ಕೂತು ಹುಲ್ಲು ಸವರಿದ. "ಅಯ್ಯಯ್ಯೋ, ಬೇರಿನವರೆಗೂ ಹೋಗಿದೆಯಲ್ಲೋ!" ಎಂದ. ಅವಳು ಚಾಚಿದ ಕೈಯತ್ತ ತಿರುಗಿಯೂ ನೋಡಲಿಲ್ಲ. "ಆಚೆ ಹಾಕು ಈ ದರಿದ್ರಾನ."

ಅವಳು ಕಳಚಿ ಹಾಕಿದ ಗ್ಲೌಸನ್ನು ಮೇಸ್ತ್ರಿ ತನಗೆ ತಾಗದ ಹಾಗೆ ಕಡ್ಡಿಯಲ್ಲೆತ್ತಿ ನಾದಿನಿಯ ಮುಂದೆ ಎಸೆದ. "ಇನ್ಮೇಲೆ ನೀನು."

ಇಷ್ಟು ದಿನ ಅತ್ತಿಗೆ ಯಾವ ಕೈ ಉಳಿಸಿದ್ದಳೋ ಆ ಕೈಗೇ ಗ್ಲೌಸು ತಂದಿಟ್ಟಿದ್ದಳು.

"ಬೇಡ ಕಣೇ! ಎಸೆದು ಬಾರೇ!"

"ಇಬ್ಬರೂ ಬಿಟ್ರೆ ಒಲೆ ಹತ್ತುತ್ತಾ ಅತ್ಗೆ?"

ಕಾವಲುಗಾರ ಅತ್ತಿಗೆಯನ್ನು ಗೇಟಿನಾಚೆ ದಬ್ಬಿದ. ಅವಳು ತಂತಿಬೇಲಿ ಹಿಡಿದು ನಿಂತಳು. ಒಳಗೆ ನಾದಿನಿ ಗ್ಲೌಸು ಅದ್ದಿದಳು, ನಾಲ್ಕು ಗರಿ ಸವರಿದಳು. ಆಮೇಲೆ ಅತ್ತಿತ್ತ ನೋಡಿ, ಕುಳಿಯ ಇನ್ನೊಂದು ಪಕ್ಕಕ್ಕೆ ಅಂಗೈ ಊರಿದಳು.

ಅತ್ತಿಗೆ ಹತ್ತು ಎಣಿಸಿದಳು. ಇಪ್ಪತ್ತು ಎಣಿಸಿದಳು. ನಾದಿನಿ ಇನ್ನೂ ಕೈ ಎತ್ತಿರಲಿಲ್ಲ.