ಕೊನೇ ಬಸ್ಸಿನ ಕ್ಲೈಮ್ಯಾಕ್ಸು

"ಆಮೇಲೆ ಅವಳು ಮನೆ ಬೀಗದ ಕೈ ತೆಗೆದು ಗಂಡನ ಅಂಗೈಗೆ ಹಾಕ್ತಾಳೆ. ಅಡುಗೆಮನೆ ಡಬ್ಬಿಗಳ ಮೇಲೆಲ್ಲ ಹೆಸರು ಬರೆದಿಟ್ಟಿದ್ದೀನಿ, ಹಸಿವಾದಾಗ ಓದ್ಕೊಳ್ಳಿ ಅಂತಾಳೆ. ಚಪ್ಪಲಿ ಮೆಟ್ಕೊಂಡು ಹೊರಟೇಬಿಡ್ತಾಳೆ. ಅಂಥ ಕ್ಲೈಮ್ಯಾಕ್ಸು ಆಮೇಲೆ ಯಾರೂ ತೆಗೀಲಿಲ್ಲ."

ಇಷ್ಟು ಹೇಳಿ, ಊರೆಲ್ಲ ಹಲೋ ಅಮ್ಮ ಎಂದು ಕರೆಯುವ ಹಿರಿಯಾಕೆ ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದರು. ಚಪ್ಪಾಳೆ ಬರಬೇಕಾದ ಜಾಗದಲ್ಲಿ ಒಂದು ಕೆಮ್ಮು ಬಂತು. ಕೊನೆ ಹೇಳಿಬಿಟ್ಟರಲ್ಲ ಎಂದು ಹಿಂದಿನ ಸಾಲಿನವರು ಗೊಣಗಿದರು. ಮುಂದಿನ ಸಾಲಿನಲ್ಲಿದ್ದ ನಿವೃತ್ತ ಹೆಡ್‌ಮಾಸ್ಟರು ಕುರ್ಚಿಯ ತುದಿಗೆ ಸರಿದು, ತಪ್ಪು ಉತ್ತರ ಕೊಟ್ಟ ಮಗುವಿಗೆ ಹೇಳುವಂತೆ ಹೇಳಿದರು:

"ಅಲ್ಲಮ್ಮ, ಅವಳು ಹೋಗೋದಿಲ್ಲ. ಕಾಲಿಗೆ ಬೀಳ್ತಾಳೆ. ಕೆಲಸದ ಆರ್ಡರ್ ಹರಿದುಹಾಕಿ ಕಾಲಿಗೆ ಬೀಳ್ತಾಳೆ. ನೀವು ಬೇರೆ ಯಾವ್ದೋ ಪಿಕ್ಚರ್ ನೋಡಿರ್ಬೇಕು."

ಆಗ ಬಂತು ನಗು. ಕೆಟ್ಟ ನಗುವಲ್ಲ, ವಯಸ್ಸಾದವರ ವಿಷಯದಲ್ಲಿ ನಗುವ ಸಭ್ಯ ನಗು. ಅದು ಇನ್ನೂ ಕೆಟ್ಟದ್ದು.

ಗ್ರಂಥಾಲಯದ ಮೇಲ್ಮಹಡಿಯಲ್ಲಿ ತಿಂಗಳಿಗೊಮ್ಮೆ ಹಳೆಯ ಚಿತ್ರ ತೋರಿಸುವ ಆ ಕೂಟಕ್ಕೆ ಒಂದು ಪದ್ಧತಿಯಿತ್ತು. ಚಿತ್ರಕ್ಕೆ ಮೊದಲು, ಅದು ಬಿಡುಗಡೆಯಾದಾಗಲೇ ನೋಡಿದ್ದವರೊಬ್ಬರು ಎದ್ದು ನಾಲ್ಕು ಮಾತಾಡಬೇಕು. ಅಂಥವರು ದಿನೇ ದಿನೇ ಕಮ್ಮಿಯಾಗುತ್ತಿದ್ದರು. ಈ ಸಲದ ಚಿತ್ರವಂತೂ ಎಲ್ಲೋ ಗೋದಾಮಿನಲ್ಲಿ ಕೊಳೆಯುತ್ತಿದ್ದು, ಈಚೆಗೆ ಸಿಕ್ಕಿ, ಹೊಸದಾಗಿ ರೀಲು ತೊಳೆದು ಸರಿಪಡಿಸಿ ತಂದ ಕಪ್ಪುಬಿಳುಪಿನದು. ಟಿವಿಯಲ್ಲೂ ಎಂದೂ ಬಂದಿರಲಿಲ್ಲ. ಕೂಟದ ಕಾರ್ಯದರ್ಶಿ ಕಾಲೇಜಿನ ಮೇಷ್ಟ್ರು. ಅವರಿಗೆ ಅದನ್ನು ನೋಡಿದ್ದವರನ್ನು ಹುಡುಕಿ ಅಲೆಯಬೇಕಾಗಲಿಲ್ಲ. ಮನೆಯಲ್ಲೇ ಹೆಂಡತಿ ಹೇಳಿದ್ದಳು: ಅಮ್ಮನ ಪ್ರಾಣ ಅದು, ಅಮ್ಮನ್ನೇ ಕರೀರಿ. ಹೀಗೆ ಅಳಿಯ ಆಹ್ವಾನಿಸಿ, ಅತ್ತೆ ಒಪ್ಪಿ, ಒಗೆದು ಇಸ್ತ್ರಿ ಮಾಡಿದ ಸೀರೆಯುಟ್ಟು ಮೈಕಿನ ಮುಂದೆ ನಿಂತದ್ದು. ಕೊನೆ ಮಾತ್ರ ಹೇಳಬೇಡಿ ಎಂದು ಅಳಿಯಂದಿರು ದಾರಿಯುದ್ದಕ್ಕೂ ಬೇಡಿಕೊಂಡಿದ್ದರು. ಆದರೆ ಹಲೋ ಅಮ್ಮನಿಗೆ ಆ ಚಿತ್ರದಲ್ಲಿ ಹೇಳುವಂಥದ್ದು ಇದ್ದದ್ದೇ ಕೊನೆ.

ಕುರ್ಚಿಗೆ ಮರಳುವಾಗ ಅವರ ಕಣ್ಣು, ಬಸ್ ಕಂಡಕ್ಟರಾಗಿ ನಿವೃತ್ತರಾಗಿದ್ದ ಗಂಡನ ಮೇಲೆ ಬಿತ್ತು. ಕಂಡಕ್ಟರು ಕೈಯಲ್ಲಿದ್ದ ಕರಪತ್ರವನ್ನು ಮಡಚುತ್ತಿದ್ದರು. ಮಡಚಿದ್ದನ್ನೇ ಮಡಚಿ, ಹಳೆಯ ಬಸ್ ಟಿಕೆಟ್ಟಿನಷ್ಟು ಮಾಡಿ, ಬಿಡಿಸಿ, ಮತ್ತೆ ಮಡಚುತ್ತಿದ್ದರು. ತಲೆ ಎತ್ತಲಿಲ್ಲ.

ಆ ಕೊನೆ ಎಲ್ಲಿಂದ ಬಂದದ್ದೆಂದು ಹಲೋ ಅಮ್ಮನಿಗೆ ತಿಳಿಯಿತು.

ಅವರ ಮದುವೆಯ ಹೊಸತರಲ್ಲಿ ಮನೆ ಇದ್ದದ್ದು ಊರಾಚೆ. ಸಂಜೆಯ ಆಟ ಮುಗಿಯುವುದಕ್ಕೆ ಮುಂಚೆಯೇ ಆ ಕಡೆಯ ಕೊನೇ ಬಸ್ಸು ಹೊರಡುತ್ತಿತ್ತು. ಹಾಗಾಗಿ ದಂಪತಿ ನೋಡಿದ ಚಿತ್ರಗಳಿಗೆಲ್ಲ ತಲೆ, ಹೊಟ್ಟೆ ಇತ್ತು, ಕಾಲಿರಲಿಲ್ಲ. ನಾಯಕಿ ಬಂಡೆಯ ಅಂಚಿಗೆ ಬಂದಳೋ, ಕಂಡಕ್ಟರು ಹೆಂಡತಿಯ ಮೊಣಕೈ ಮುಟ್ಟಿ ಏಳುವರು. ಮಿಕ್ಕದ್ದು ಬಸ್ಸಿನಲ್ಲಿ. ಕೊನೆ ಏನೆಂದು ಥಿಯೇಟರಿನ ಗೇಟಿನವನನ್ನು ಮೊದಲೇ ಕೇಳಿಟ್ಟುಕೊಂಡಿದ್ದೀನಿ ಎಂದು ಶುರುಮಾಡಿ, ಸಹೋದ್ಯೋಗಿಯ ಬಸ್ಸಿನ ಹಿಂದಿನ ಸೀಟಿನಲ್ಲಿ ಇಡೀ ಕ್ಲೈಮ್ಯಾಕ್ಸು ನಡೆಸಿಕೊಡುವರು. ನಾಯಕನದು ಖಾಲಿ ಕೊಡದೊಳಗೆ ಬಾಯಿಟ್ಟ ದನಿ. ಖಳನದು ಗಂಟಲಲ್ಲಿ ಜಲ್ಲಿಕಲ್ಲು ಉರುಳುವ ದನಿ. ನಾಯಕಿಯದಂತೂ, ಎದುರು ಸೀಟಿನ ಹೆಂಗಸರು ಯಾವಳಪ್ಪಾ ಅಂತ ತಿರುಗಿ ನೋಡಬೇಕು, ಹಾಗೆ. ಕಂಡ ಆಕ್ಟರುಗಳನ್ನೆಲ್ಲ ಆಡಿ ತೋರಿಸುವುದಕ್ಕೇ ಇವರಿಗೆ ಕಂಡಕ್ಟರು ಅಂತ ಹೆಸರು ಎಂದು ಬಸ್ಸಿನವರು ನಗುತ್ತಿದ್ದರು. ಮನೆಗೆ ಟಿವಿ ಬಂದಮೇಲೂ ರೂಢಿ ತಪ್ಪಲಿಲ್ಲ. ಕೊನೆಗೆ ಒಂದಿಷ್ಟು ಉಳಿದಿದೆ ಎನ್ನುವಾಗ ಕಂಡಕ್ಟರು ಎದ್ದು ಗುಂಡಿ ಒತ್ತಿ, ಮುಂದಿಂದು ನಾನು ಹೇಳ್ತೀನಿ ಕೇಳು, ಎನ್ನುವರು. ಆ ಮನೆಯಲ್ಲಿ ಅದೇ ಚಿತ್ರ ನೋಡುವ ಕ್ರಮ. ಮೂರು ವರ್ಷದ ಕೆಳಗೆ ಗಂಟಲಿನ ಆಪರೇಷನ್ ಆಗಿ ಅವರ ದನಿ ಹೋಯಿತು. ಗಾಳಿಯಂಥ ಒಂದು ಪಿಸು ಮಾತ್ರ ಉಳಿಯಿತು. ಅಲ್ಲಿಂದ ಅವರು ಚಿತ್ರ ನೋಡುವುದನ್ನೇ ಬಿಟ್ಟಿದ್ದರು. ಇವತ್ತು ಬಂದದ್ದೂ ಹೆಂಡತಿ ಹಿಡಿದೆಳೆದಿದ್ದಕ್ಕೆ.

ಅಂದು ಈ ಚಿತ್ರ ನೋಡಿದ ವಾರ ಮನೆಯಲ್ಲಿ ಒಂದು ರಂಪ ನಡೆದಿತ್ತು. ಹಲೋ ಅಮ್ಮನಿಗೆ ಆಗ ಇನ್ನೂ ಆ ಹೆಸರಿರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸಕ್ಕೆ ಕರೆ ಬಂದಿತ್ತು. ಊರ ಗಂಡಸರ ದನಿಯೆಲ್ಲ ಸೊಸೆಯ ಕಿವಿಯೊಳಗೆ ಹೋಗುತ್ತದೆಂದು ಕಂಡಕ್ಟರ ತಾಯಿ ಊಟ ಬಿಟ್ಟು ಕೂತಿದ್ದರು. ಮನೆಯ ನೆಮ್ಮದಿಗಿಂತ ಹೆಚ್ಚಿನದೇನು ಎಂದು ಸೊಸೆ ಆಗಲೇ ಸೋತಿದ್ದಳು. ಬರುವುದಿಲ್ಲ ಎಂದು ಹೇಳಿಕಳಿಸುವುದೊಂದೇ ಬಾಕಿ. ಮನಸ್ಸು ಹಗುರಾಗಲಿ ಎಂದು ಗಂಡ ಸಿನಿಮಾಕ್ಕೆ ಕರೆದುಕೊಂಡು ಹೋದರು. ಸಂಸಾರ ಬಿಟ್ಟುಹೋಗಿದ್ದ ನಾಯಕ ವರ್ಷಗಳ ಮೇಲೆ ಮರಳಿ ಬಂದು ಬಾಗಿಲಲ್ಲಿ ನಿಂತು, ನಿನ್ನನ್ನು ಕ್ಷಮಿಸಿದ್ದೇನೆ, ಎಂದ. ಪೆಟ್ಟಿಗೆ ಕಟ್ಟಿಟ್ಟು ಕೆಲಸಕ್ಕೆ ಹೊರಟಿದ್ದ ನಾಯಕಿ ತಿರುಗಿ ನೋಡಿದಳು. ಮೊಣಕೈ ಮುಟ್ಟಿದ ಕಂಡಕ್ಟರು, ಏಳು, ಬಸ್ಸು, ಎಂದರು. ಮಿಕ್ಕದ್ದು ಬಸ್ಸಿನಲ್ಲಿ. ಬೀಗದ ಕೈ, ಡಬ್ಬಿಗಳು, ಚಪ್ಪಲಿ.

ಸೋಮವಾರ ಆಕೆ ಎಕ್ಸ್‌ಚೇಂಜಿಗೆ ಹೋದರು. ರಿಟೈರ್ ಆಗುವವರೆಗೂ ಹೋದರು. ಹಾಗೆ ಹಲೋ ಅಮ್ಮ ಆದರು.

ದೀಪ ಆರುವ ಮುಂಚೆ ಅಳಿಯ ಬಂದು ಪಕ್ಕದಲ್ಲಿ ಮೊಣಕಾಲೂರಿ ಕೂತರು. ಮುಖ ಬೆವರಿತ್ತು. ಚಿತ್ರ ತೊಳೆದು ತಂದ ದೊಡ್ಡವರು ಎರಡನೇ ಸಾಲಿನಲ್ಲಿದ್ದಾರೆ, ಮುಂದೆ ಇನ್ನೂ ಚಿತ್ರ ಕೊಡಬೇಕಾದವರು, ಕೂಟದವರಿಗೇ ಚಿತ್ರ ಗೊತ್ತಿಲ್ಲ ಅಂದುಕೊಂಡರೆ ಎಲ್ಲ ಕೆಟ್ಟಿತು, ಎಂದು ಒಂದೇ ಉಸಿರಿಗೆ ಹೇಳಿದರು. ಕೊನೆಯಲ್ಲಿ ಚರ್ಚೆ ಇರುತ್ತದೆ. ಆಗ ಎದ್ದು ಒಂದೇ ಒಂದು ಮಾತು, ವಯಸ್ಸಾಯ್ತು, ಮರೆವು, ಅಂದುಬಿಟ್ಟರೆ ಸಾಕು, ಜನ ಚಪ್ಪಾಳೆ ತಟ್ಟುತ್ತಾರೆ ಅತ್ತೆ.

ಹಲೋ ಅಮ್ಮ ಎರಡೂ ಕಡೆ ತೂಗಿ ನೋಡಿದರು. ಮರೆವು ಎಂದರೆ ತಾನು ಅರಳುಮರಳು. ಅಲ್ಲ, ಗಂಡ ಹೇಳಿದ್ದು ಎಂದರೆ, ದನಿಯಿಲ್ಲದ ಆ ಮನುಷ್ಯನನ್ನು ಇಷ್ಟು ಜನರ ಮುಂದೆ ಬುರುಡೆದಾಸ ಮಾಡಿದ ಹಾಗೆ. ಅವರು ಎದ್ದು ತಾನಲ್ಲ ಎನ್ನಲೂ ಆಗದು, ಹೌದು ಎನ್ನಲೂ ಆಗದು.

ದೀಪ ಆರಿತು. ಕತ್ತಲಲ್ಲಿ ಮಗಳು ಕಿವಿಯ ಹತ್ತಿರ ಬಾಗಿದಳು.

"ಅಮ್ಮ, ಮರೆತೋಯ್ತು ಅಂದ್ಬಿಡು. ಇವ್ರು ಆಮೇಲೆ ವಾರಗಟ್ಲೆ ಮುಖ ಊದಿಸ್ಕೊಂಡಿರ್ತಾರೆ."

"ನಿಂಗೆ ಮೊದ್ಲೇ ಗೊತ್ತಿತ್ತಾ?"

"ಈ ಪಿಕ್ಚರ್‌ದು ಗೊತ್ತಿರ್ಲಿಲ್ಲ. ಮಿಕ್ಕಿದ್ದೆಲ್ಲ ಕಾಲೇಜಲ್ಲೇ ಗೊತ್ತಾಯ್ತು. ಫ್ರೆಂಡ್ಸ್ ಹತ್ರ ಜಗಳ ಆಡಿ ಸೋತ್ಕೊಂಡು ಬಂದಿದ್ದೆ."

"ಮತ್ತೆ ಹೇಳ್ಲಿಲ್ಲ?"

ಮಗಳು ತೆರೆಯ ಕಡೆ ತಿರುಗಿದಳು. "ಅಪ್ಪಂದೇ ಚೆನ್ನಾಗಿತ್ತು," ಎಂದಳು.

ತೆರೆಯ ಮೇಲೆ ನಾಯಕಿ ಸಂಸಾರ ಎಳೆಯುತ್ತಿದ್ದಳು. ಹಲೋ ಅಮ್ಮ ನೆನಪಿಟ್ಟುಕೊಂಡಿದ್ದಂತೆಯೇ ಇದ್ದಳು, ಕೂದಲೆಳೆಯೂ ಆಚೀಚೆ ಇಲ್ಲ. ಹೊಲಿಗೆ ಮಿಷನ್ನು ಕಸಿಯಲು ಬಂದ ಮೈದುನನ ಕೈಯ ಮೇಲೆ ಕತ್ತರಿಯ ಹಿಡಿಯಿಂದ ಕುಟ್ಟಿದಳು. ಅಯ್ಯೋ ಪಾಪ ಎನ್ನಲು ಬಂದ ನೆರೆಯವಳಿಗೆ ಕುರ್ಚಿ ಹಾಕಲಿಲ್ಲ. ಮಗುವಿಗೆ ಜ್ವರ ಬಂದಾಗ ಅತ್ತಳು, ಆದರೆ ಅಳುತ್ತಲೇ ಗುಂಡಿ ಹೊಲಿದಳು. ಹಲೋ ಅಮ್ಮ ಅವಳನ್ನು ಹಳೆಯ ಸಹೋದ್ಯೋಗಿಯನ್ನು ನೋಡುವಂತೆ ನೋಡಿದರು. ಕೊನೆಗೆ ಬಾಗಿಲು ಬಡಿದ ಸದ್ದಾಯಿತು. ನಾಯಕ ನಿಂತಿದ್ದ. "ನಿನ್ನನ್ನು ಕ್ಷಮಿಸಿದ್ದೇನೆ." ನಾಯಕಿ ತಿರುಗಿದಳು.

ಮೊಣಕೈಗೆ ಬೆರಳು ತಾಕಿತು. ಕಂಡಕ್ಟರು ಅರ್ಧ ಎದ್ದಿದ್ದರು. ಬಸ್ಸಿಗೇನೂ ಅವಸರವಿರಲಿಲ್ಲ, ಈಗ ಮನೆ ಊರೊಳಗೆ, ಬಸ್ಸು ರಾತ್ರಿಯೆಲ್ಲ ಇತ್ತು. ಆದರೂ ಅವರ ಬೆರಳು ಬಿಡಲಿಲ್ಲ.

"ಕೂತ್ಕೊಳ್ರೀ," ಎಂದರು ಹಲೋ ಅಮ್ಮ. "ಒಂದ್ಸಲ ನೋಡ್ಬಿಡೋಣ."

ನಾಯಕಿ ಆರ್ಡರ್ ಹರಿದಳು. ಚೂರುಗಳು ಹೂವಿನಂತೆ ಬಿದ್ದವು. ಕಾಲ ಬಳಿ ಕುಸಿದು, ನಾಯಕನ ಬೂಟಿನ ಮೇಲೆ ಕೆನ್ನೆಯಿಟ್ಟಳು. ಪಿಟೀಲುಗಳು ಒಟ್ಟಿಗೇ ಗೋಳಿಟ್ಟವು, ಸೂರ್ಯ ಹುಟ್ಟಿದ, ಶುಭಂ. ಹೆಡ್‌ಮಾಸ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಚಪ್ಪಾಳೆ ಬಹಳ ಹೊತ್ತು ನಡೆಯಿತು. ದೀಪ ಹತ್ತಿತು.

ಅಳಿಯ ಚೆನ್ನಾಗಿ ಮಾತಾಡಿದರು. ಹರಿದ ಕಾಗದ ಬೀಳುವಾಗಿನ ಬೆಳಕು, ಬೂಟಿನ ಮೇಲೆ ಮುಖವಿಟ್ಟಾಗ ಕ್ಯಾಮೆರಾ ಇಳಿಯುವ ನಿಧಾನ, ಇವನ್ನೆಲ್ಲ ಎಲ್ಲರಿಗೂ ಮತ್ತೆ ಕಾಣುವಂತೆ ಹೇಳಿದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆಮೇಲೆ, ನಮ್ಮ ಹಿರಿಯರು ಈಗ ನೆನಪು ತಾಜಾ ಮಾಡಿಕೊಂಡಿರಬಹುದು, ಎಂದು ನಗುತ್ತ ಮೈಕನ್ನು ಹಲೋ ಅಮ್ಮನ ಕಡೆಗೆ ಚಾಚಿದರು. ಜನ ಚಪ್ಪಾಳೆ ತಟ್ಟಲು ಕೈ ಸಿದ್ಧಮಾಡಿಕೊಂಡರು.

ಹಲೋ ಅಮ್ಮ ಮೈಕನ್ನು ಬಾಯಿಗೆ ಹಿಡಿದ ರೀತಿಯಲ್ಲೇ ಹಳೆಯ ಕಸುಬು ಕಂಡಿತು. ಅಂಚಿನಿಂದ ಹಿಡಿದು, ಒಂದು ಉಸಿರು ಕಾದು, ಮಾತಾಡಿದರು.

"ಅಳಿಯಂದ್ರು ಮರೆವು ಅಂತ ಹೇಳಿ ಅಂದಿದ್ರು. ನಂಗೇನೂ ಮರೆತಿಲ್ಲ. ಇಷ್ಟುದ್ದ ಪಿಕ್ಚರು ನಾನು ನೆನಪಿಟ್ಕೊಂಡ ಹಾಗೇ ಇದೆ. ಕೊನೇಲಿ ಮರೆತಿರೋದು ಪಿಕ್ಚರಿಗೇ. ಅವಳು ಯಾರು ಅಂತ ಅದಕ್ಕೇ ಮರೆತೋಗಿದೆ."

ಅಳಿಯನ ನಗು ಹಾಗೇ ನಿಂತಿತ್ತು, ಒಳಗೆ ಯಾರೂ ಇಲ್ಲದ ಮನೆಯ ದೀಪದಂತೆ. ಅತ್ತೆಯನ್ನು ನೋಯಿಸದಂತೆ, ಆದರೆ ಬಿಡದೆ ಹೇಳಿದರು: ಇವತ್ತಿನ ಕಣ್ಣಿನಿಂದ ಅಂದಿನದನ್ನು ಅಳೆಯಬಾರದು, ಆ ಕಾಲದ ಹೆಂಗಸರು ಹಾಗಿದ್ದರು, ನಿರ್ದೇಶಕರು ಇದ್ದದ್ದನ್ನು ತೋರಿಸಿದ್ದಾರೆ.

"ಆ ಕಾಲದ ಹೆಂಗಸು ನಾನೇ ಅಲ್ವೇ ಅಳಿಯಂದ್ರೇ? ಈ ಪಿಕ್ಚರ್ ನೋಡ್ಕೊಂಡು ಹೋದೋಳು ಸೋಮವಾರ ಕೆಲ್ಸಕ್ಕೆ ಸೇರಿದೆ."

ಎರಡನೇ ಸಾಲಿನ ದೊಡ್ಡವರು ಕತ್ತು ಚಾಚಿ, ಕ್ಲಾಸಿಕ್ ಅಂದಮೇಲೆ ಅದನ್ನು ನಾವು ಬದಲಾಯಿಸಲಾಗದಲ್ಲ, ಎಂದರು.

"ನಾನು ಬದಲಾಯಿಸ್ತಿಲ್ಲ ಸ್ವಾಮಿ. ಒಪ್ತಿಲ್ಲ. ಅಷ್ಟು ಚೆನ್ನಾಗಿ ತೆಗೆದಿದ್ದಾರೆ ಅಂತ್ಲೇ ಒಪ್ತಿಲ್ಲ. ಕತ್ತರಿ ಹಿಡಿಯಿಂದ ಮೈದುನನ ಕೈಗೆ ಕುಟ್ಟಿದೋಳು ಬೂಟಿಗೆ ಕೆನ್ನೆ ಇಡಲ್ಲ. ಬೆಳಕು ಹೇಗೇ ಬೀಳಲಿ."

ಎಲ್ಲೋ ಒಂದು ಹೆಣ್ಣುದನಿ ನಕ್ಕಿತು, ಈ ಸಲ ಬೇರೆ ರೀತಿ. ಹೆಡ್‌ಮಾಸ್ಟರಿಗೆ ತಡೆಯಲಾಗಲಿಲ್ಲ. ಕಣ್ಣು ಇನ್ನೂ ಕೆಂಪಗಿತ್ತು.

"ಆಯ್ತಮ್ಮ, ನೀವು ಹೇಳಿದ್ರಲ್ಲ, ಆ ಕೊನೆ. ಬೀಗದ ಕೈ, ಡಬ್ಬಿ. ಅದನ್ನ ಯಾವ ಥಿಯೇಟರಲ್ಲಿ ತೋರಿಸಿದ್ರು?"

ಸಭೆ ಕಾದಿತು. ಕಂಡಕ್ಟರು ಟಿಕೆಟ್ಟಿನಷ್ಟಾಗಿದ್ದ ಕರಪತ್ರವನ್ನು ಮುಷ್ಟಿಯಲ್ಲಿ ಹಿಡಿದು ನೆಲ ನೋಡುತ್ತಿದ್ದರು. ಹಲೋ ಅಮ್ಮ ಅವರ ಹೆಗಲ ಮೇಲೆ ಕೈಯಿಟ್ಟರು.

"ಕೊನೇ ಬಸ್ಸಲ್ಲಿ," ಎಂದರು. "ನೀವು ಥಿಯೇಟರಲ್ಲೇ ಉಳ್ಕೊಂಡ್ರಿ, ನಿಮಗೆ ಸಿಗಲಿಲ್ಲ."

ಮೈಕನ್ನು ಅಳಿಯನ ಕೈಗೆ ಕೊಟ್ಟು ಅವರು ಚೀಲ ಎತ್ತಿಕೊಂಡರು. ಕೆಲವರು ನಕ್ಕರು, ಕೆಲವರು, ಏನಂದರು, ಏನಂದರು, ಎಂದು ಪಕ್ಕದವರನ್ನು ಕೇಳಿದರು. ಅಳಿಯ ಮೈಕು ಹಿಡಿದು, ಮುಂದಿನ ತಿಂಗಳ ಚಿತ್ರದ ವಿವರ ಓದತೊಡಗಿದರು, ಎಂದಿಗಿಂತ ಬಿರುಸಾಗಿ. ಮೆಟ್ಟಿಲಿನವರೆಗೆ ಬಂದ ಮಗಳು, ಸ್ವಲ್ಪ ಇರಿ, ಇವರು ಕಾರಲ್ಲಿ ಬಿಡ್ತಾರೆ, ಎಂದಳು. ಇವತ್ತು ಅವರ ಕಾರು ಬೇಡ ಕಣೆ, ನಾಳೆ ಫೋನ್ ಮಾಡಿಸು, ಬೈಯೋದಿದ್ರೆ ಬೈಯಲಿ, ಎಂದು ಹಲೋ ಅಮ್ಮ ಕೆಳಗಿಳಿದರು.

ಬಸ್ಸು ಹೆಚ್ಚುಕಡಿಮೆ ಖಾಲಿಯಿತ್ತು. ಬೇರೆ ಸೀಟು ಬಿಟ್ಟು ಇಬ್ಬರೂ ಹಿಂದಿನದರಲ್ಲೇ ಕೂತರು. ಎರಡು ನಿಲ್ದಾಣ ಕಳೆದವು. ಕಂಡಕ್ಟರು ಬಾಯಿ ತೆರೆದರು, ಮುಚ್ಚಿದರು. ಪಿಸುದನಿಯನ್ನು ಬಸ್ಸಿನ ಸದ್ದು ನುಂಗುತ್ತಿತ್ತು. ಗೇಟಿನವನು, ಎಂಬಷ್ಟು ಕೇಳಿಸಿತು.

"ಗೇಟಿನವನ ವಿಷ್ಯ ನಾನು ಕೇಳ್ದೆನೇ?" ಎಂದರು ಹಲೋ ಅಮ್ಮ.

ಕಂಡಕ್ಟರು ಕಿಟಕಿಯ ಕಡೆ ತಿರುಗಿದರು. ಆಮೇಲೆ ಜೇಬಿಗೆ ಕೈ ಹಾಕಿ, ಮನೆಯ ಬೀಗದ ಕೈ ತೆಗೆದು, ಟಿಕೆಟ್ ಹಿಡಿಯುತ್ತಿದ್ದ ಹಾಗೆ ಎರಡು ಬೆರಳ ನಡುವೆ ಹಿಡಿದು ಹೆಂಡತಿಯ ಮುಂದೆ ಚಾಚಿದರು.

ಹಲೋ ಅಮ್ಮ ಅದನ್ನು ತೆಗೆದುಕೊಂಡು ಚೀಲಕ್ಕೆ ಹಾಕಿ, ಗುಂಡಿ ಒತ್ತಿದರು. ಗಂಟಲು ಸರಿಮಾಡಿಕೊಂಡರು. ಖಾಲಿ ಕೊಡದೊಳಗೆ ಬಾಯಿಟ್ಟಂಥ ದನಿಯಲ್ಲಿ, "ನಿನ್ನನ್ನು ಕ್ಷಮಿಸಿದ್ದೇನೆ," ಎಂದರು.

ಕಂಡಕ್ಟರ ತುಟಿಗಳು ಸದ್ದಿಲ್ಲದೆ ನಾಯಕಿಯ ಮಾತು ಆಡತೊಡಗಿದವು. ನಡುನಡುವೆ ಹಲೋ ಅಮ್ಮ ಅದೇ ಕೊಡದ ದನಿಯಲ್ಲಿ ನಾಯಕನಾದರು. ಡಬ್ಬಿಗಳ ಹತ್ತಿರ ಬರುವಷ್ಟರಲ್ಲಿ, ಮುಂದಿನ ಸೀಟಿನ ಗಂಡಸೊಬ್ಬ ಯಾವನಪ್ಪಾ ಅದು ಎಂದು ತಿರುಗಿ ನೋಡಿದ.